ಮೂಗು ತೀರಿಕೊಂಡ ವರ್ಷದ ಬಾದಾಮಿ

ನಮ್ಮ ಮನೆಯಲ್ಲಿ ಒಂದು ಸಾವಾಯಿತು. ಯಾರೂ ಅಳಲಿಲ್ಲ, ಅಂಗಡಿಗೆ ಬಾಗಿಲು ಹಾಕಲಿಲ್ಲ, ಒಬ್ಬ ನೆಂಟನೂ ಬಂದು 'ಅಯ್ಯೋ, ಹೇಗಾಯ್ತು?' ಎಂದು ಕೇಳಿ ಕಾಫಿ ಕುಡಿದು ಹೋಗಲಿಲ್ಲ. ಯಾಕೆಂದರೆ ಸತ್ತದ್ದು ನನ್ನ ಮೂಗು. ಆ ಸುದ್ದಿ ಗೊತ್ತಿದ್ದದ್ದೂ ನನಗೊಬ್ಬನಿಗೇ.

ಹೆಣ ಮಾತ್ರ ಇದ್ದ ಜಾಗದಲ್ಲೇ ಇತ್ತು. ಮುಖದ ನಟ್ಟನಡುವೆ, ಕನ್ನಡಕ ಹೊತ್ತುಕೊಂಡು, ಏನೂ ಆಗಿಲ್ಲವೆಂಬಂತೆ. ಮಳೆಗಾಲದಲ್ಲಿ ನನಗೊಂದು ಜ್ವರ ಬಂದಿತ್ತು. ಹೋಗುವಾಗ ಅದು ಬರಿಗೈಲಿ ಹೋಗಲಿಲ್ಲ. ಒಂದು ಬೆಳಗ್ಗೆ ಕಾಫಿ ಲೋಟದ ಮೇಲೆ ಮೂಗು ಹಿಡಿದರೆ ಆವಿ ತಾಗಿತು, ಕಾಫಿ ಬರಲಿಲ್ಲ. ಸೋಪು ಮೂಸಿದೆ, ಈರುಳ್ಳಿ ಮೂಸಿದೆ, ಕೊನೆಗೆ ನನ್ನದೇ ಕಾಲುಚೀಲ ಮೂಸಿದೆ. ಊಹೂಂ. ಕಾಲುಚೀಲಕ್ಕೂ ಏಳದ ಮೂಗು ಇನ್ನು ಯಾವುದಕ್ಕೂ ಏಳುವುದಿಲ್ಲ ಎಂದು ಅಲ್ಲಿಗೇ ಮರಣ ಘೋಷಣೆ ಮಾಡಿದೆ.

ಬೇರೆಯವರ ಮೂಗು ಸತ್ತಿದ್ದರೆ ಅದು ಬರೀ ದುಃಖದ ವಿಷಯ. ಮೇಷ್ಟ್ರ ಮೂಗು ಸತ್ತರೆ ಪಾಠ ನಿಲ್ಲುವುದಿಲ್ಲ, ದರ್ಜಿಯ ಮೂಗು ಸತ್ತರೆ ಹೊಲಿಗೆ ನಿಲ್ಲುವುದಿಲ್ಲ. ಆದರೆ ನಾನು ಬಾದಾಮಿ, ಗೋಡಂಬಿ, ಅಕ್ರೋಟುಗಳ ಸಗಟು ವ್ಯಾಪಾರಿ. ಬೀದಿಯಲ್ಲಿ ನನಗಿರುವ ಹೆಸರೇ 'ಮೂಗು ಸಾಹುಕಾರ'. ಚೀಲದ ಬಾಯಿ ಪೂರ್ತಿ ಬಿಚ್ಚುವ ಮೊದಲೇ ಮಾಲು ಕಮಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದೆ. (ಎಣ್ಣೆಯಂಶ ಇರುವ ಪದಾರ್ಥ ಹಳತಾದರೆ ಹಿಡಿಯುವ ಜಿಡ್ಡುನಾತಕ್ಕೇ ಕಮಟು ಎನ್ನುವುದು. ಮನೆಯಲ್ಲಿ ಹಳೆಯ ತಲೆಗೆಣ್ಣೆ ಬಾಟಲಿ ಇದ್ದರೆ ಮುಚ್ಚಳ ಮೂಸಿ ನೋಡಿ.) ಎದುರಂಗಡಿಯವನು ಕೂಡ ಅನುಮಾನ ಬಂದರೆ ಒಂದು ಹಿಡಿ ತಂದು ನನ್ನ ಮುಂದೆ ಚಾಚುತ್ತಿದ್ದ. ಇಂಥವನ ಮೂಗು ಸತ್ತಿದೆ ಎಂದು ತಿಳಿದರೆ ಊರಿನ ಕೊಳೆತ ಮಾಲೆಲ್ಲ ಮೆರವಣಿಗೆಯಲ್ಲಿ ನನ್ನ ಅಂಗಡಿಗೇ ಬರುತ್ತದೆ.

ಅದಕ್ಕೇ ಮುಚ್ಚಿಟ್ಟೆ. ಹಿಂದಿನ ಬೀದಿಯ ಕಿವಿ-ಮೂಗಿನ ಡಾಕ್ಟರ ಹತ್ತಿರ ಟೋಪಿ ಎಳೆದುಕೊಂಡು ಹೋಗಿ ಬಂದೆ. 'ಬಂದರೂ ಬರಬಹುದು, ಬರದಿದ್ದರೂ ಇರಬಹುದು' ಎಂದು ಅವರು ನಿಖರವಾಗಿ ಹೇಳಿದರು. ನಾನು ವ್ಯಾಪಾರ ಮುಂದುವರಿಸಿದೆ. ಆಗ ನನಗೊಂದು ಮಹಾಸತ್ಯದ ದರ್ಶನವಾಯಿತು: ಮಾಲಿಗಿಂತ ಮಾಲು ತಂದವನ ಮುಖ ಹೆಚ್ಚು ನಾರುತ್ತದೆ. ಒಂದು ಹಿಡಿ ಬಾದಾಮಿ ಮೂಗಿಗೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ರೆಪ್ಪೆಯ ಸಂದಿನಿಂದ ಅವನನ್ನು ನೋಡುತ್ತಿದ್ದೆ. ಉಗುಳು ನುಂಗಿದನೋ, ಫ್ಯಾನು ನೋಡಿದನೋ, ಇದ್ದಕ್ಕಿದ್ದಂತೆ 'ಮನೇಲೆಲ್ಲಾ ಹೇಗಿದಾರೆ?' ಎಂದು ಕೇಳಿದನೋ, ಮಾಲು ಕಮಟು. 'ಹೂಂ' ಎಂದು ಮೂಗಿನಲ್ಲೇ ಒಂದು ಸದ್ದು ಮಾಡಿ ಚೀಲವನ್ನು ಕಾಲಿನಿಂದ ಅತ್ತ ತಳ್ಳುತ್ತಿದ್ದೆ. ಒಂದು ಸಲವೂ ತಪ್ಪಲಿಲ್ಲ. ಬದುಕಿದ್ದಾಗ ಮೂಗಿಗೆ ಇಷ್ಟು ಹೆಸರಿರಲಿಲ್ಲ.

ಕಷ್ಟವಾದದ್ದು ಮನೆಯಲ್ಲಿ. ಮದುವೆಯಾದಾಗಿನಿಂದ ಹಜಾರದಲ್ಲಿ ಕೂತೇ ಅಡುಗೆಮನೆಗೆ ತೀರ್ಪು ಕಳಿಸುತ್ತಿದ್ದವನು ನಾನು. 'ಈರುಳ್ಳಿ ಸೀದಿತು!' 'ಹಾಲು ಇವತ್ತಿನದಲ್ಲ!' 'ಎಣ್ಣೆ ಬದಲಾಯಿಸಿದ್ಯಾ?' ನಮ್ಮವಳು ಅಲ್ಲಿಂದಲೇ, "ನಿಮ್ಮ ಮೂಗನ್ನ ಅಂಗಡೀಲಿ ಬಿಟ್ಟು ಬನ್ರೀ ಮಾರಾಯ್ರೇ" ಎನ್ನುತ್ತಿದ್ದಳು. ಈಗ ಅದೇ ಆಗಿತ್ತು. ಸುಮ್ಮನಿದ್ದರೆ ಅನುಮಾನ ಬರುತ್ತದೆ. ತಪ್ಪು ಹೇಳೋಣವೆಂದರೆ ಅದಕ್ಕೆ ಮೂಗು ಬೇಕು. ಹೊಗಳುವುದಕ್ಕೆ ಬೇಡ. ಹೊಗಳಿದೆ.

ಮೊದಲ ದಿನ ಅವಳು ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದು, ಇನ್ನೂ ಜ್ವರ ಇದೆಯೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು. ಎರಡನೆಯ ವಾರಕ್ಕೆ ಅಡುಗೆ ಮಾಡುತ್ತಾ ಗುನುಗುವುದಕ್ಕೆ ಶುರುಮಾಡಿದಳು. ಬಡಿಸಿ ಒಳಗೆ ಹೋಗುತ್ತಿದ್ದವಳು ಎದುರಿಗೆ ಕೂತು, ನಾನು ತಿನ್ನುವುದನ್ನೇ ನೋಡುವಂತಾದಳು. ಒಂದು ದಿನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಇವರಿಗೆ ಜ್ವರ ಬಂದಿದ್ದೇ ಒಳ್ಳೇದಾಯ್ತು ಕಣೇ. ಮನುಷ್ಯನೇ ಬದಲಾಗಿಬಿಟ್ಟಿದಾರೆ."

ಆವತ್ತೇ ಹೇಳಿಬಿಡಬೇಕಿತ್ತು. ಆದರೆ ಚೆನ್ನಾಗಿ ಹೋಗುತ್ತಿರುವ ಮಾಲಿನ ತಳ ಕೆದಕುವ ಅಭ್ಯಾಸ ನಮ್ಮ ಕಸುಬಿನಲ್ಲಿಲ್ಲ.

ವರ್ಷದ ಕೊನೆಯ ರಜೆ ಹತ್ತಿರ ಬಂತು. ಗಿರಾಕಿಗಳಿಗೆ ಉಡುಗೊರೆ ಕೊಡುವ ಕಾಲ.

"ರೀ, ಈ ಸಲ ಗಡಿಯಾರ ಗಿಡಿಯಾರ ಹಂಚೋದು ಬೇಡ" ಎಂದಳು. "ನಾನೇ ಬಾದಾಮಿ ಹುರಿದು, ಸಕ್ಕರೆ-ಖಾರ ಹಿಡಿಸಿ ಕೊಡ್ತೀನಿ. ಡಬ್ಬಿ ಮೇಲೆ ಕೈಯಾರೆ ಬರೀತೀನಿ."

"ಏನಂತ?"

"'ಮನೆಯೊಡತಿಯ ಕೈರುಚಿ' ಅಂತ. ಯಾಕೆ, ನೀವೇ ಹೇಳ್ತೀರಲ್ಲ ದಿನಾ?"

ಹೇಳುತ್ತಿದ್ದೆ. ಅದರಲ್ಲಿ ಅನುಮಾನವಿಲ್ಲ.

ಅದೇ ವಾರ ಹೊಸಬನೊಬ್ಬ ಬಾದಾಮಿ ತಂದ. ಮೂಗಿಗೆ ಹಿಡಿದು ರೆಪ್ಪೆಯ ಸಂದಿನಿಂದ ನೋಡಿದೆ. ತೊಳೆದಿಟ್ಟ ತಟ್ಟೆಯಂಥ ಮುಖ. ಉಗುಳು ನುಂಗಲಿಲ್ಲ, ಫ್ಯಾನು ನೋಡಲಿಲ್ಲ, ನನ್ನ ಮನೆಯವರ ಯೋಗಕ್ಷೇಮ ಅವನಿಗೆ ಬೇಕಿರಲಿಲ್ಲ. ಕೂಡಲೇ ಚೀಲ ಇಳಿಸಿಕೊಂಡೆ. ತನ್ನ ಮಾಲು ಕೆಟ್ಟಿದೆಯೆಂದು ಆ ಪುಣ್ಯಾತ್ಮನಿಗೇ ಗೊತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ವ್ಯಾಪಾರಿಯನ್ನು ಮುಳುಗಿಸುವುದಕ್ಕೆ ಕಳ್ಳರು ಬೇಕಿಲ್ಲ. ಇಂಥ ಒಬ್ಬ ಪ್ರಾಮಾಣಿಕ ಸಾಕು.

ಅಡುಗೆಮನೆಯಲ್ಲಿ ಚೀಲ ಬಿಚ್ಚಿದ್ದೇ ತಡ, ನಮ್ಮವಳು ಒಂದು ಹೆಜ್ಜೆ ಹಿಂದೆ ಸರಿದಳು.

"ರೀ, ಏನೋ ಕಮಟು ಅನ್ನಿಸ್ತಿದೆಯಲ್ಲ?"

"ಕಮಟಾ?" ಒಂದು ಹಿಡಿ ಎತ್ತಿ, ಎದೆ ತುಂಬ ಎಳೆದುಕೊಂಡೆ. "ಹೊಸ ಫಸಲು ಕಣೇ. ಹೊಸ ಫಸಲಿನ ಘಮವೇ ಹೀಗೆ. ನಿನಗೆ ಹಳೇದರ ಅಭ್ಯಾಸ."

ಅವಳು ಇನ್ನೊಮ್ಮೆ ಮೂಸಿದಳು. ನನ್ನ ಮುಖ ನೋಡಿದಳು. ಮತ್ತೆ ಮೂಸಿದಳು. "ನಿಮ್ಮ ಮೂಗಿನ ಮುಂದೆ ನನ್ನದೇನು ಬಿಡಿ" ಎಂದು ಬಾಣಲೆ ಇಟ್ಟಳು.

ಸಿಪ್ಪೆ ಇರುವ ಬಾದಾಮಿ ಹುರಿಯುವುದರಲ್ಲಿ ಒಂದು ತೊಂದರೆಯಿದೆ. ಗೋಡಂಬಿಯಂತೆ ಅದು ಬಣ್ಣ ತಿರುಗಿ ಹೇಳುವುದಿಲ್ಲ. ಹದ ಬಂದದ್ದು ತಿಳಿಯುವುದು ಘಮದಿಂದ. "ನೀವು ಇಲ್ಲೇ ನಿಂತ್ಕೊಳ್ಳಿ, ಹದ ಬಂದ ಕೂಡಲೇ ಹೇಳಿ, ಇಳಿಸ್ತೀನಿ" ಎಂದಳು. ನಾನು ನಿಂತೆ. ಘಮ ಬಂದದ್ದು ತಿಳಿಯಲು ನನಗಿದ್ದ ಉಪಾಯ ಒಂದೇ: ಅವಳ ಮುಖ. ಅವಳಿಗೋ ತನ್ನ ಮೂಗಿನ ಮೇಲೆ ಆಗಲೇ ನಂಬಿಕೆ ಹೋಗಿತ್ತು. ಅವಳು ನೋಡುತ್ತಿದ್ದದ್ದು ನನ್ನ ಮುಖ. ನಾನು ಅವಳನ್ನೇ ನೋಡುತ್ತಿದ್ದೇನೆ, ಅವಳು ನನ್ನನ್ನೇ ನೋಡುತ್ತಿದ್ದಾಳೆ, ಸಟ್ಟುಗ ತಿರುಗುತ್ತಿದೆ. ಮದುವೆಯ ದಿನವೂ ನಾವು ಇಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅವಳ ಕಿವಿ ಕೆಂಪಾಯಿತು.

"ಇದೇನ್ರೀ, ಈ ವಯಸ್ಸಲ್ಲಿ ಹೀಗೆ ನೋಡ್ತೀರ?"

ನಮ್ಮಿಬ್ಬರ ನಡುವೆ ಹೊಗೆ ಎದ್ದಮೇಲೆ ಕೆಳಗೆ ನೋಡಿದೆವು. ಬಾದಾಮಿ ಇದ್ದಿಲಾಗಿತ್ತು. "ನಾನು ನಾಚ್ಕೊಂಡು ಕೆಡಿಸ್ಬಿಟ್ಟೆ" ಎಂದು ತಪ್ಪನ್ನು ಅವಳೇ ತೆಗೆದುಕೊಂಡಳು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಮುಂದಿನ ಬಾಣಲೆಯದನ್ನು ಅವಳು ನನ್ನನ್ನು ಹೊರಗೆ ಕಳಿಸಿ, ಆಗಾಗ ಒಂದೊಂದು ಬಾದಾಮಿ ಕಚ್ಚಿ ಒಳಗಿನ ಬಣ್ಣ ನೋಡುತ್ತಾ ಹುರಿದಳು. ಪಾಕಕ್ಕೆ ಹಾಕಿ, ಮೆಣಸಿನ ಪುಡಿ, ಉಪ್ಪು ಉದುರಿಸಿ, ಸಕ್ಕರೆ ಒಣಗಿ ಬಾದಾಮಿಗೆ ಅಂಟುವವರೆಗೆ ತೋಳು ಸೋಲುವಂತೆ ಕೈಯಾಡಿಸಿದಳು. ನನಗೆ ಒಂದು ಕೊಟ್ಟಳು. ಮೂಗು ಸತ್ತರೂ ನಾಲಿಗೆಗೆ ಸಿಹಿ ತಿಳಿಯುತ್ತದೆ, ಖಾರ ಸುಡುತ್ತದೆ. ಎಷ್ಟೋ ತಿಂಗಳ ಮೇಲೆ ಬಾಯಿಗೆ ಬಿದ್ದದ್ದು ಬಾಯಿಗೆ ಗೊತ್ತಾಯಿತು. "ಅದ್ಭುತ!" ಎಂದೆ. ಅಷ್ಟು ಕಾಲದಲ್ಲಿ ನಾನು ಹೇಳಿದ ಒಂದೇ ಒಂದು ನಿಜ ಅದು. ಅವಳೂ ಒಂದು ಬಾಯಿಗೆ ಹಾಕಿಕೊಂಡಳು. ಗಂಟಲು ಸ್ವಲ್ಪ ಹಿಡಿಯಿತು. ನನ್ನ ಮುಖ ನೋಡಿ ನುಂಗಿದಳು.

ಡಬ್ಬಿಗಳು ಹೋದವು. ಎರಡು ದಿನ ಯಾರದೂ ಸದ್ದಿಲ್ಲ. ಆಮೇಲೆ ನಮ್ಮ ದೊಡ್ಡ ಗಿರಾಕಿ, ಹೋಟೆಲಿನವರು, ಫೋನು ಮಾಡಿ, "ಸಾಹುಕಾರ್ರೇ, ಇದು ಯಾವ ದೇಶದ ರುಚಿ? ನಮಗೆ ಹೊಸದು" ಎಂದು ಬಹಳ ಎಚ್ಚರದಿಂದ ಕೇಳಿದರು. ಎಚ್ಚರವೆಂಬುದು ಗೊತ್ತಿಲ್ಲದವಳು ನನ್ನ ನಾದಿನಿ. ಡಬ್ಬಿ ಹಿಡಿದು ಮನೆಗೇ ಬಂದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡ. ಕಮಟು. ನಮ್ಮ ನಾಯಿ ಮೂಸಿ ನೋಡಿ ಮಂಚದ ಕೆಳಗೆ ಹೋಯ್ತು."

"ನನಗೂ ಹಾಗೇ ಅನ್ನಿಸ್ತು ಕಣೇ... ಆದ್ರೆ ಇವರು..."

ಇಬ್ಬರೂ ನನ್ನತ್ತ ತಿರುಗಿದರು. ಇಲ್ಲಿಗೆ ಮುಗಿಯಿತು ಎನ್ನುವಾಗ ನನ್ನೊಳಗಿನ ವ್ಯಾಪಾರಿ ಎದ್ದು ನಿಂತ.

"ನಿಮ್ಮ ಮನೆತನದ ಮೂಗೇ ಹಾಗಿರ್ಬೇಕು" ಎಂದೆ ಕನಿಕರದಿಂದ. "ವಯಸ್ಸಾಗ್ತಾ ಕೆಲವರಿಗೆ ಒಳ್ಳೇ ವಾಸನೆಯೂ ನಾತವಾಗಿ ಕಾಣುತ್ತಂತೆ. ಇಬ್ಬರೂ ಒಂದ್ಸಲ ಡಾಕ್ಟರಿಗೆ ತೋರಿಸಿ."

ನಾದಿನಿ ಮೂಗು ಮುರಿದಳು. ನಮ್ಮವಳು ಮಾತ್ರ ಹೆದರಿದಳು. ಆ ರಾತ್ರಿ ಊಟಕ್ಕೆ ಕೂತಾಗ ಪ್ರತಿ ತುತ್ತನ್ನೂ ಮೂಗಿನ ಹತ್ತಿರ ತಂದು ಮೂಸಿ ಮೂಸಿ ಬಾಯಿಗಿಡುತ್ತಿದ್ದಳು. "ಮೂಗು ಹೋದ್ರೆ ಅಡುಗೆ ಹೇಗ್ರೀ ಮಾಡ್ಲಿ?" ಎಂದಾಗ ಅವಳ ಕಣ್ಣಲ್ಲಿ ನೀರಿತ್ತು. "ಏನಾಗಲ್ಲ, ನಾನಿದೀನಲ್ಲ" ಎಂದೆ. ಇಂಥ ಮಾತನ್ನು ಆಡಿಯೂ ನನಗೆ ಆ ರಾತ್ರಿ ನಿದ್ದೆ ಬಂತು.

ಮರುದಿನ ಅಕ್ಕತಂಗಿಯರು ಡಾಕ್ಟರ ಹತ್ತಿರ ಹೋದರು. ಊರಿನ ಈ ಕಡೆಗೆಲ್ಲ ಕಿವಿ-ಮೂಗಿನ ಡಾಕ್ಟರು ಒಬ್ಬರೇ ಎಂಬುದು ನನಗೆ ನೆನಪಾದದ್ದು ಅವರು ಹೋಗಿ ಬಹಳ ಹೊತ್ತಾದ ಮೇಲೆ.

ಇಬ್ಬರೂ ವಾಪಸು ಬಂದರು. ನಮ್ಮವಳು ಕೂಗಾಡಲಿಲ್ಲ. ಚೀಲ ಮೊಳೆಗೆ ಹಾಕಿ ಎದುರಿಗೆ ಕೂತಳು.

"ಏನಂದ್ರು?" ಎಂದೆ.

"ನನ್ನ ಮೂಗು ಚೆನ್ನಾಗಿದೆಯಂತೆ. ಇವಳದ್ದೂ ಚೆನ್ನಾಗಿದೆಯಂತೆ."

"ನೋಡಿದ್ಯಾ, ಸುಮ್ನೆ ಹೆದರ್ಕೊಂಡೆ—"

"ನಿಮ್ಮದು ಹೇಗಿದೆ ಅಂತ ಕೇಳಿದ್ರು."

ನಾನು ಫ್ಯಾನು ನೋಡಿದೆ.

"ಭಾವ, ಬಾದಾಮಿ ಅಂಗಡಿ ಸಾಹುಕಾರ್ರ ಮನೆಯವರು ಅಂತ ಅಕ್ಕ ಹೇಳಿದ್ದೇ ತಡ," ಎಂದಳು ನಾದಿನಿ, ಬಹಳ ಖುಷಿಯಿಂದ, "'ಓಹೋ! ಅವರಿಗೆ ಒಂಚೂರಾದ್ರೂ ವಾಸನೆ ಬಂತಾ? ಟೋಪಿ ಹಾಕ್ಕೊಂಡು ಬಂದಿದ್ರಲ್ಲ' ಅಂದ್ರು."

"ಯಾವಾಗಿಂದ?" ಎಂದಳು ನಮ್ಮವಳು.

"ಜ್ವರ ಬಂದಾಗಿಂದ."

ಅವಳು ಕಿಟಕಿಯ ಕಡೆ ನೋಡುತ್ತಾ ಒಂದೊಂದೇ ಊಟವನ್ನು ಹಿಂದಕ್ಕೆ ಎಣಿಸುತ್ತಿದ್ದುದು ನನಗೆ ಕಾಣುತ್ತಿತ್ತು.

"ಹಾಗಾದ್ರೆ ಆವತ್ತು ಬದನೆಕಾಯಿ ಪಲ್ಯ ಹೊಗಳಿದ್ದು?"

"ಬಣ್ಣ ನೋಡಿ ಹೇಳಿದೆ."

"ಇವಳು ಊಟಕ್ಕೆ ಬಂದ ದಿನ? ಎದ್ದು ನಿಂತು ಹೊಗಳಿದ್ರಲ್ರೀ!"

"ಅದು... ಸ್ವಲ್ಪ ಅತಿಯಾಯ್ತು."

"ಹೋಗ್ಲಿ. ಒಂದೇ ಒಂದು ಹೇಳಿ. ಇಷ್ಟು ತಿಂಗಳು ನಾನು ಮಾಡಿದ್ದು ಚೆನ್ನಾಗಿತ್ತಾ, ಇರ್ಲಿಲ್ವಾ?"

ಎಂಥೆಂಥ ಪ್ರಶ್ನೆಗೂ ನನ್ನ ಬಾಯಲ್ಲಿ ಉತ್ತರ ತಯಾರಿರುತ್ತದೆ. ಇದಕ್ಕೆ ಮಾತ್ರ ನಿಜವೇ ಬಂತು.

"ಗೊತ್ತಿಲ್ಲ ಕಣೇ" ಎಂದೆ.

ನಾದಿನಿ ಕೂಡ ನಗುವುದನ್ನು ನಿಲ್ಲಿಸಿದಳು.

ತನ್ನ ಕೈಬರಹವಿದ್ದ ಡಬ್ಬಿಗಳನ್ನು ನಮ್ಮವಳು ತಾನೇ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ವಾಪಸು ತಂದಳು. ಹೋಟೆಲಿನವರು ಪಾಪ, "ಮೂಗು ಸಾಹುಕಾರ್ರ ಮಾಲಲ್ಲಿ ತಪ್ಪು ಹುಡುಕೋಕೆ ನಾವ್ಯಾರಮ್ಮಾ ಅಂತ ದಿನಕ್ಕೊಂದು ಕಣ್ಮುಚ್ಚಿ ನುಂಗ್ತಿದ್ದೆ" ಎಂದರಂತೆ. "ಅವರಿಗೆ ಮೂಗಿಲ್ಲ" ಎಂದು ಅವಳು ಎಲ್ಲ ಕಡೆಯೂ ಒಂದೇ ಮಾತು ಹೇಳಿ ಬಂದಳು. ಸಂಜೆಯ ಹೊತ್ತಿಗೆ ಎದುರಂಗಡಿಯವನು ಬಂದು ಹಣ್ಣು ಕೊಟ್ಟು, ಸತ್ತವರ ಮನೆಗೆ ಬಂದವನಂತೆ ಪಿಸುಮಾತಿನಲ್ಲಿ ಮಾತಾಡಿಸಿ ಹೋದ. ಕೊನೆಗೂ ನನ್ನ ಮೂಗಿಗೆ ಒಂದು ಸಂತಾಪ ಸಿಕ್ಕಿತು.

ಈಗ ಅಂಗಡಿಯ ಗಾದಿಯ ಮೇಲೆ ಕೂತು ಮೂಸುವವಳು ಅವಳು. ಚೀಲಕ್ಕೆ ದಾರ ಕಟ್ಟುವವನು ನಾನು. ಮುಖ ಓದುವ ವಿದ್ಯೆಯನ್ನೂ ಅವಳಿಗೆ ಕಲಿಸಿಕೊಟ್ಟೆ. ಉಗುಳು, ಫ್ಯಾನು, ಮನೆಯವರ ಯೋಗಕ್ಷೇಮ, ಎಲ್ಲ. ಮನೆಯಲ್ಲಿ ಅವಳು ತನಗೆ ಬೇಕಾದದ್ದು ಮಾಡಿಕೊಳ್ಳುತ್ತಾಳೆ. ನನಗೆ ಏನನ್ನೋ ಬೇಯಿಸಿಡುತ್ತಾಳೆ. ಗುನುಗುವುದು ನಿಂತಿದೆ. ವಾಪಸು ಬಂದ ಡಬ್ಬಿಗಳನ್ನು ನನ್ನ ತಟ್ಟೆಯ ಪಕ್ಕ ಪೇರಿಸಿಟ್ಟು, "ಇದನ್ನ ತಿನ್ನೋಕೆ ಆಗೋದು ಪ್ರಪಂಚದಲ್ಲಿ ನಿಮಗೊಬ್ಬರಿಗೇ" ಎಂದಳು. ದಿನಾ ತಿನ್ನುತ್ತಿದ್ದೆ. ಚೆನ್ನಾಗಿಯೇ ಇತ್ತು. ಹಾಗೆಂದು ಹೇಳಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಹೀಗೇ ಬಾದಾಮಿ ಅಗಿಯುತ್ತಿದ್ದಾಗ ಗಂಟಲ ಹಿಂದಿನಿಂದ ಏನೋ ಏರಿ ಬಂತು. ಹಳೇ ತಲೆಗೆಣ್ಣೆ, ತುಕ್ಕು, ಒದ್ದೆ ಗೋಣಿ. ಕಮಟು! ಥೂ ಎಂದು ಉಗಿದೆ. ಉಗಿದಮೇಲೆ ತಿಳಿಯಿತು, ಮೂಗು ಎದ್ದಿದೆ. ಹಿಂದೆಯೇ ಅಡುಗೆಮನೆಯಿಂದ ಇನ್ನೊಂದು ಬಂತು: ಶುಂಠಿ, ಬೆಳ್ಳುಳ್ಳಿ, ಆಗಷ್ಟೇ ಕುಟ್ಟಿದ ಕರಿಮೆಣಸು, ಬೆಣ್ಣೆ ಕರಗುವ ಘಮ. ಇಷ್ಟು ತಿಂಗಳು ಈ ಮನೆಯಲ್ಲಿ ಇದೆಲ್ಲ ದಿನಾ ಇತ್ತು. ಬಾಗಿಲಿಗೆ ಹೋಗಿ ನಿಂತೆ. ಕಣ್ಣು ಒದ್ದೆಯಾಗಿತ್ತು.

"ಲೇ, ವಾಸನೆ ಬಂತು ಕಣೇ! ಎಂಥಾ ಘಮ ಕಣೇ! ಶುಂಠಿ, ಮೆಣಸು, ಬೆಣ್ಣೆ!"

"ಎಲ್ಲಾ ಕಣ್ಣೆದುರಿಗೇ ಇದೆ" ಎಂದಳು, ತಿರುಗದೆ.

"ಆ ಬಾದಾಮಿ ಕಮಟು ಕಣೇ! ನಿಜವಾಗ್ಲೂ ಕಮಟು!"

"ಅದು ಊರಿಗೆಲ್ಲ ಗೊತ್ತು."

"ನಿನ್ನಾಣೆ. ಇಂಥ ಅಡುಗೆ ನಾನು ಜೀವಮಾನದಲ್ಲೇ ಮೂಸಿಲ್ಲ."

ಅವಳು ಒಲೆ ಸಣ್ಣ ಮಾಡಿದಳು. ಕೈ ಒರೆಸಿಕೊಂಡು ಹತ್ತಿರ ಬಂದು ನಿಂತಳು. ಕಣ್ಣು ಅರ್ಧ ಮುಚ್ಚಿ, ರೆಪ್ಪೆಯ ಸಂದಿನಿಂದ ನನ್ನ ಮುಖ ನೋಡತೊಡಗಿದಳು. ಬಹಳ ಹೊತ್ತು ನೋಡಿದಳು. ನೋಡಲಿ, ಇಂದು ನನ್ನ ಮಾಲು ಅಪ್ಪಟ ಎಂದು ಧೈರ್ಯವಾಗಿ ನಿಂತೆ. ನಿಂತು ಅಭ್ಯಾಸವಿರಲಿಲ್ಲ, ಅಷ್ಟೆ. ಗಂಟಲು ಒಣಗಿ ಉಗುಳು ನುಂಗಿದೆ. ನುಂಗಿದೆನಲ್ಲಾ ಎಂಬ ಗಾಬರಿಗೆ ಕಣ್ಣು ತಾನಾಗಿ ಫ್ಯಾನಿನ ಕಡೆ ಹೋಯಿತು. ಏನಾದರೂ ಮಾತಾಡಬೇಕೆಂದು ಬಾಯಿ ತೆರೆದರೆ ಬಂದದ್ದು:

"ನಿನ್ನ ತಂಗಿ ಹೇಗಿದಾಳೆ?"

"ಹೂಂ" ಎಂದು ಅವಳು ಮೂಗಿನಲ್ಲೇ ಒಂದು ಸದ್ದು ಮಾಡಿದಳು. ಮೇಜಿನ ಮೇಲಿದ್ದ ಬಾದಾಮಿ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿ ಒಲೆಗೆ ತಿರುಗಿದಳು.

ಡಬ್ಬಿಯ ಮೇಲೆ ಅವಳ ದುಂಡಗಿನ ಅಕ್ಷರಗಳಿದ್ದವು. ಒಂದು ಬಾದಾಮಿ ಎತ್ತಿ ಬಾಯಿಗೆ ಹಾಕಿಕೊಂಡೆ. ಈ ಸಲ ಅದರ ರುಚಿ ಪೂರ್ತಿಯಾಗಿ ಗೊತ್ತಾಯಿತು.