ಕಾಲೆತ್ತಿ ನಿಂತ ಕುಂಗ್‌ಫೂ

ಎಸ್ಟೇಟಿನಲ್ಲಿ ರೈಟರ್ ಆದವನಿಗೆ ಸುಮ್ಮನೆ ಕೂತರೂ ಏನಾದರೊಂದು ಬಂದು ತಗಲಿಕೊಳ್ಳುತ್ತದೆ. ನನಗೆ ಈ ಸಲ ತಗಲಿಕೊಂಡಿದ್ದು ಚೀನಾ ದೇಶ.

ಚೆಟ್ಟಳ್ಳಿ ಕಡೆಯ ಒಂದು ಕಾಫಿ ತೋಟದಲ್ಲಿ ನನ್ನ ಕೆಲಸ. ಆಳುಗಳ ಹಾಜರಿ ಹಾಕುವುದು, ಕೆಲಸ ಹಂಚುವುದು, ಸಾವ್ಕಾರ್ರ ಹತ್ತಿರ ಬೈಸಿಕೊಳ್ಳುವುದು. ಈ ಸಲ ಕೊಯ್ಲು ಶುರುವಾಗುವ ಹೊತ್ತಿಗೆ ಪಕ್ಕದ ತೋಟದವರು ತಮ್ಮ ಆಳುಗಳು ಸಾಲಾಗಿ ವಾಸವಿರುವ ಲೈನ್‌ಮನೆಗಳಿಗೆಲ್ಲ ಹೊಸ ಟೀವಿ ಹಾಕಿಸಿದರು. ನಮ್ಮ ಲೈನಿನಿಂದ ಎರಡು ಮನೆಯವರು ಪಾತ್ರೆ ಪಡಗ ಕಟ್ಟಿಕೊಂಡು ಅಲ್ಲಿಗೆ ಹೋಗಿಯೇಬಿಟ್ಟರು. ಹಣ್ಣು ನಮ್ಮ ಗಿಡದಲ್ಲಿ, ಆಳು ಅವರ ಲೈನಿನಲ್ಲಿ! ಸಾವ್ಕಾರ್ರು ನನ್ನನ್ನು ಕರೆಸಿದರು.

"ರೈಟ್ರೇ, ಕೊಯ್ಲು ಮುಗಿಯೋದ್ರೊಳಗೆ ಇನ್ನೊಂದು ಮನೆ ಖಾಲಿಯಾದ್ರೆ, ಅವರ ಹಿಂದೇನೇ ನೀವೂ ಗಂಟುಮೂಟೆ ಕಟ್ಟಿ."

ನಾನಿರುವುದೂ ತೋಟದ ಕ್ವಾರ್ಟರ್ಸಿನಲ್ಲೇ. ಕೆಲಸ ಹೋದರೆ ಸೂರೂ ಹೋಗುತ್ತದೆ. ನಿಜವಾಗಿಯೂ ಹೆದರಿಕೆಯಾಯಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸ್ಟೋರಿನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ನಮ್ಮ ಮನೆಯ ಟೀವಿ, ಸೀಡಿ ಪ್ಲೇಯರುಗಳನ್ನೇ ಹೊತ್ತು ತಂದು, ಪಿಕ್ಚರ್ ತೋರಿಸಲು ಶುರು ಮಾಡಿದೆ.

೧. ಯಾರಿಗೂ ಅರ್ಥವಾಗಬಾರದು

ತಮಿಳು ಪಿಕ್ಚರ್ ಹಾಕಿದೆ, ಮಲಯಾಳದವರು ಎದ್ದು ಹೋದರು. ಮಲಯಾಳಂ ಹಾಕಿದೆ, ಅಸ್ಸಾಮಿನವರು ಎದ್ದರು. ಹಿಂದಿ ಹಾಕಿದೆ, ಅಸ್ಸಾಮಿನವರನ್ನು ಬಿಟ್ಟು ಉಳಿದವರೆಲ್ಲ ಎದ್ದರು. ಕನ್ನಡ ಹಾಕಿದಾಗ ಉಳಿದದ್ದು ನಾನು, ಕೊಡ್ಲಿಪೇಟೆಯ ಅಜ್ಜಿ ಇಬ್ಬರೇ. ಅಜ್ಜಿ ನಿದ್ದೆ ಹೊಡೆಯುತ್ತಿದ್ದಳು. ಈ ಅಜ್ಜಿ ನಮ್ಮ ತೋಟದಲ್ಲಿ ಎಲ್ಲರಿಗಿಂತ ಹೆಚ್ಚು ಹಣ್ಣು ಕೊಯ್ಯುವ ಆಳು. ಅವಳು ಹೂಂ ಅಂದದ್ದಕ್ಕೆ ಇಡೀ ಲೈನೇ ಹೂಂ ಅನ್ನುತ್ತದೆ.

ಅಮ್ಮತ್ತಿ ಸಂತೆಯಲ್ಲಿ ಹಳೇ ಸೀಡಿಗಳ ಒಂದು ಕಟ್ಟು ಸಿಕ್ಕಿತು. ಎಲ್ಲ ಎಪ್ಪತ್ತರ ದಶಕದ ಕುಂಗ್‌ಫೂ ಪಿಕ್ಚರುಗಳು. ಎಷ್ಟು ಕಡಿಮೆ ಖರ್ಚಿನವು ಅಂದರೆ, ಅರಮನೆಯ ಕಂಬಕ್ಕೆ ಯಾರಾದರೂ ಬೆನ್ನು ತಾಗಿಸಿದರೆ ಇಡೀ ಅರಮನೆ ಅಲುಗಾಡುತ್ತದೆ. ಹೊಡೆತ ಒಂದಡಿ ದೂರದಲ್ಲಿ ಬೀಳುತ್ತದೆ, ಆದರೆ ಬಟ್ಟೆ ಒಗೆದಂಥ ಸದ್ದು. ಚೀನಾದವರ ಬಾಯಿಗೆ ಯಾರೋ ಇಂಗ್ಲಿಷ್ ತುರುಕಿದ್ದಾರೆ. ನನಗಂತೂ ಬಹಳ ಇಷ್ಟವಾಯಿತು, ಯಾಕೆ ಅಂತ ಕೇಳಬೇಡಿ. ಲೈನಿನವರಿಗೂ ಇಷ್ಟವಾಯಿತು. ಒಬ್ಬರಿಗೂ ಒಂದು ಮಾತೂ ಅರ್ಥವಾಗಲಿಲ್ಲವಲ್ಲ, ಹಾಗಾಗಿ ಜಗಳವೇ ಇಲ್ಲ.

ಅಜ್ಜಿಗೆ ಮಾತ್ರ ಒಂದು ಅನುಮಾನ ಬಂತು. "ಅಲ್ಲ ರೈಟ್ರೇ, ಆವಯ್ಯನ ಮಾತು ಮುಗುದು ಎಷ್ಟೊತ್ತಾಯ್ತು, ಬಾಯಿ ಇನ್ನೂ ಆಡ್ತಾನೇ ಅದಲ್ಲ?"

ಉತ್ತರವನ್ನೂ ಅವಳೇ ಹೇಳಿದಳು: "ಎಲೆಅಡಿಕೆ ಹಾಕ್ಕಂಡವ್ನೆ ಬಿಡಿ."

೨. ದೊಡ್ಡ ಕುಟುಂಬ

ಎರಡನೇ ವಾರ "ಕತೆ ಹೇಳಿ ರೈಟ್ರೇ" ಅಂತ ಎಲ್ಲರೂ ಗಂಟುಬಿದ್ದರು. ನಾನು ಪಿಯುಸಿ ಓದಿದವನು, ಇಂಗ್ಲಿಷ್ ಬರಲೇಬೇಕು ಅಂತ ಅವರ ನಂಬಿಕೆ. ಆ ಇಂಗ್ಲಿಷೋ, ಒಂದೇ ಉಸಿರಿಗೆ ಓಡುತ್ತಿತ್ತು. ಯಾರು ಯಾರಿಗೆ ಯಾಕೆ ಹೊಡೆಯುತ್ತಿದ್ದಾರೆ ಅಂತ ದೇವರಾಣೆಗೂ ನನಗೆ ತಿಳಿಯಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಜಡೆ ಬಿಟ್ಟವನು ಒಳ್ಳೆಯವನು ಅಂದೆ. ಐದೇ ನಿಮಿಷಕ್ಕೆ ಅವನು ಒಂದು ಹಳ್ಳಿಗೇ ಬೆಂಕಿ ಇಟ್ಟ. "ಗೊತ್ತಿಲ್ಲದೆ ಇಟ್ಟ" ಅಂದೆ.

ಆಮೇಲೆ ಒಬ್ಬ ಸತ್ತ. ಸತ್ತವನೇ ಹತ್ತು ನಿಮಿಷ ಬಿಟ್ಟು ಮೀಸೆ ಅಂಟಿಸಿಕೊಂಡು ಬಂದ. ನಟರಿಗೆ ಬರಗಾಲ ಇರಬೇಕು. "ಇವನು ಅವನ ತಮ್ಮ" ಅಂದೆ. ತಮ್ಮನೂ ಸತ್ತ. ಮತ್ತೆ ಅದೇ ಮುಖ, ಬಿಳಿ ಗಡ್ಡ, ಗಡ್ಡದ ಒಂದು ತುದಿ ಗಾಳಿಗೆ ಎದ್ದು ನಿಂತಿದೆ. "ಅವರಪ್ಪ" ಅಂದೆ. ಅಪ್ಪನೂ ಸತ್ತ. ಹಿಂದುಗಡೆ ಬೋಳುತಲೆಯ ಸನ್ಯಾಸಿಗಳು ಸಾಲಾಗಿ ನಿಂತಿದ್ದರು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದೇ ಮನೇಲಿ ಮೂರು ಸಾವು! ಅದ್ಕೇ ಅಷ್ಟು ಜನ ತಲೆ ಬೋಳುಸ್ಕಂಡು ನಿಂತವ್ರೆ. ಎಷ್ಟು ದೊಡ್ಡ ಕುಟುಂಬ, ಪಾಪ!"

೩. ಮುಷ್ಟಿ

ಅಂಗೈಗೆ ಮುಷ್ಟಿ ಒತ್ತಿ ಬಗ್ಗಿ ನಮಸ್ಕಾರ ಮಾಡುವುದನ್ನು ಲೈನಿನವರು ಆ ಪಿಕ್ಚರಿಂದ ಕಲಿತುಬಿಟ್ಟರು. ನಲ್ಲಿಯ ಹತ್ತಿರ, ಚಾ ಕುಡಿಯಲು ಕೂರುವಾಗ, ಎಲ್ಲಿ ನೋಡಿದರೂ ಅದೇ. ಒಂದು ಬೆಳಗ್ಗೆ ಸಾವ್ಕಾರ್ರ ಜೀಪು ತೋಟದೊಳಗೆ ಬಂತು. ಗಿಡಗಳ ಮಧ್ಯದಿಂದ ನಲವತ್ತು ಜನ ಒಟ್ಟಿಗೆ ಎದ್ದು ನಿಂತು ಮುಷ್ಟಿ ಹಿಡಿದರು.

ಜೀಪು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ನನ್ನ ಫೋನು ಹೊಡೆದುಕೊಂಡಿತು.

"ರೈಟ್ರೇ, ಬೇಡಿಕೆ ಏನಂತೆ ಅವರದ್ದು?"

"ಬೇಡಿಕೆ ಏನೂ ಇಲ್ಲ ಸಾವ್ಕಾರ್ರೆ. ಅದು ನಿಮ್ಮ ಮೇಲಿನ ಗೌರವ."

ಸಾವ್ಕಾರ್ರ ದನಿ ಮೆಲ್ಲಗಾಯಿತು: "ಗೌರವವಾ? ಹಾಗಾದ್ರೆ ಏನೋ ದೊಡ್ಡದೇ ಕೇಳ್ತಾರೆ ಬಿಡಿ."

೪. ಕಾಲು

ಕಟ್ಟಿನಲ್ಲಿದ್ದ ಕೊನೆಯ ಸೀಡಿ. ಗುರುವನ್ನು ಕೊಂದ ಮುದುಕನನ್ನು ಹೀರೋ ಕಡೆಗೂ ಬೆಟ್ಟದ ತುದಿಯಲ್ಲಿ ಹಿಡಿದ. ಕಾಲೆತ್ತಿದ. ಅಷ್ಟಕ್ಕೆ ಸೀಡಿ ನಿಂತಿತು. ಪಂಚೆಯ ಅಂಚಿನಿಂದ ಒರೆಸಿದೆ, ಊದಿದೆ, ಬೈದೆ. ಕಾಲು ಮೇಲೆಯೇ ಉಳಿಯಿತು. ಜನ ಗೊಣಗುತ್ತಾ ಎದ್ದು ಹೋದರು.

ಮರುದಿನ ಬೆಳಗ್ಗೆ ಪಕ್ಕದ ತೋಟದ ಜೀಪು ಬಂದು ನಮ್ಮ ಲೈನಿನ ಎದುರಿಗೇ ನಿಂತಿತು. ಮೂರು ಮನೆಯವರು ಗಂಟು ಕಟ್ಟಿ ಹೊರಗಿಟ್ಟಿದ್ದರು. ಅಷ್ಟರಲ್ಲಿ ಅಜ್ಜಿ ಕೊಡ ಇಳಿಸಿ ಕೂಗಿದಳು:

"ಹೋಗೋರು ಹೋಗ್ರಪ್ಪ. ಹತ್ತು ಗಂಟೆ ಚಾಕ್ಕೆ ರೈಟ್ರು ಮುಂದ್ಲ ಕತೆ ಹೇಳ್ತಾರೆ. ನಾವು ಕೇಳ್ತೀವಿ."

ನಾನು ಹಾಗಂತ ಯಾವಾಗ ಹೇಳಿದ್ದೆನೋ ನನಗೇ ಗೊತ್ತಿಲ್ಲ! ಆದರೆ ಗಂಟುಗಳು ಒಳಗೆ ಹೋದವು, ಜೀಪು ಖಾಲಿ ಹೋಯಿತು.

ಅಂದಿನಿಂದ ದಿನಾ ಚಾ ಹೊತ್ತಿಗೆ ಕತೆ. ಕಾಲು ಕೆಳಗಿಳಿಸಿದರೆ ಕತೆ ಮುಗಿಯುತ್ತದೆ, ಕತೆ ಮುಗಿದರೆ ಜನ ಹೋಗುತ್ತಾರೆ. ಕಾಲನ್ನು ಮೇಲೆಯೇ ಬಿಟ್ಟು ಮುದುಕನ ಬಾಲ್ಯ ಹೇಳಿದೆ, ಹೀರೋನ ತಾಯಿಯ ಕಾಯಿಲೆ ಹೇಳಿದೆ. ನನ್ನ ಕತೆ ಬಾಯಿಂದ ಬಾಯಿಗೆ ತಮಿಳು, ಮಲಯಾಳ, ಹಿಂದಿಗಳನ್ನು ದಾಟಿ ಅಸ್ಸಾಮಿನವರನ್ನು ಮುಟ್ಟುವಾಗ ಮುದುಕನಿಗೆ ನಾನು ಹೇಳದ ಒಬ್ಬ ಹೆಂಡತಿ ಸೇರಿಕೊಂಡಿದ್ದಳು. ಮರುದಿನ ಅವಳದ್ದೂ ನಾನೇ ಹೇಳಬೇಕಾಯಿತು. ನಾವು ಕೂರುವ ಜಾಗದ ಮೇಲಿನ ರಸ್ತೆಯಲ್ಲಿ ಸರಿಯಾಗಿ ಹತ್ತು ಗಂಟೆಗೆ ಸಾವ್ಕಾರ್ರ ಜೀಪು ಬಂದು ನಿಲ್ಲುತ್ತಿತ್ತು. ನಾನು ಕೆಲಸ ಕೆಡಿಸುತ್ತಿದ್ದೇನಾ ಅಂತ ನೋಡಲು ಇರಬೇಕು ಅಂದುಕೊಂಡು ಇನ್ನಷ್ಟು ಹೆದರಿದೆ.

ಕೊಯ್ಲು ಮುಗಿಯಿತು. ಮತ್ತೊಂದು ಮನೆಯೂ ಖಾಲಿಯಾಗಿರಲಿಲ್ಲ, ಗೆದ್ದೆ ಅಂತ ಬೀಗಿದೆ. ವಾರ ಕಳೆಯಿತು. ಕೊಯ್ಲಿಗೆಂದೇ ಬಂದವರು ಊರಿಗೆ ಹೊರಡಬೇಕಲ್ಲ, ಒಬ್ಬರೂ ಹೊರಡಲಿಲ್ಲ. ಎಲ್ಲರೂ ಹತ್ತು ಗಂಟೆಗೆ ಲೋಟ ಹಿಡಿದು ಬಂದು ಕೂರುತ್ತಿದ್ದರು. ಸಾವ್ಕಾರ್ರು ಫೋನಿನಲ್ಲಿ ಗುಡುಗಿದರು.

"ಸೋಮವಾರ ಏಣಿ ಹತ್ತಿ ಕಾಳುಮೆಣಸು ಕೊಯ್ಯೋರು ಬರ್ತಾರೆ, ಅವರನ್ನ ಎಲ್ಲಿ ಮಲಗಿಸಲಿ ನಾನು? ಲೈನು ಖಾಲಿ ಮಾಡಿಸಿ. ಇಲ್ಲಾಂದ್ರೆ ನಿಮ್ಮ ಕ್ವಾರ್ಟರ್ಸ್ ಖಾಲಿ ಮಾಡಿ!"

ಇರಿಸಿಕೊಂಡರೆ ಸಾಕು ಅಂದವರೂ ಇವರೇ, ಹೊರಡಿಸಿ ಅನ್ನುವವರೂ ಇವರೇ. ತಲೆ ಕೆಟ್ಟುಹೋಯಿತು. ಬೇರೆ ದಾರಿಯಿಲ್ಲದೆ ಶನಿವಾರ ಮನಸ್ಸು ಗಟ್ಟಿಮಾಡಿಕೊಂಡು ಹೇಳಿದೆ: "ಹೀರೋ ಕಾಲು ಬೀಸಿದ. ಮುದುಕನ ಎದೆಗೆ ಬಿತ್ತು. ಮುದುಕ ಸತ್ತ. ಕತೆ ಮುಗೀತು."

ಅಜ್ಜಿ ನಿಟ್ಟುಸಿರುಬಿಟ್ಟು ಎದ್ದಳು, ಅವಳ ಹಿಂದೆ ಇಡೀ ಲೈನು ಎದ್ದಿತು. ಅಬ್ಬಾ, ಮನೆ ಉಳಿಯಿತು ಅಂತ ನಾನು ಚಾ ಬಾಯಿಗಿಟ್ಟೆ.

ಮೇಲಿನ ರಸ್ತೆಯಲ್ಲಿ ಜೀಪಿನ ಬಾಗಿಲು ದಢಾರ್ ಅಂತ ಬಡಿಯಿತು. ಸಾವ್ಕಾರ್ರು ಕಾಫಿ ಗಿಡಗಳ ಮಧ್ಯೆ ನುಗ್ಗಿಕೊಂಡು ಇಳಿದು ಬಂದರು. ಮುಖ ಕೆಂಪಗಾಗಿತ್ತು, ಏದುಸಿರು ಬಿಡುತ್ತಿದ್ದರು.

"ಏನ್ರೀ ರೈಟ್ರೇ, ಒಂದೇ ಒದೆತಕ್ಕೆ ಸಾಯೋದಾ? ಇದಕ್ಕಾ ನಾನು ದಿನಾ ಜೀಪಲ್ಲಿ ಕೂತು ಕೇಳಿದ್ದು?"

"ಲೈನು ಖಾಲಿ ಮಾಡಿಸಿ ಅಂದ್ರಲ್ಲ ಸಾವ್ಕಾರ್ರೆ..."

"ಮೆಣಸಿನವರು ನಮ್ಮನೆ ಜಗಲೀಲಿ ಮಲಗ್ಲಿ. ಮೊದ್ಲು ಆ ಮುದುಕನ್ನ ಎಬ್ಬಿಸ್ರೀ!"