ಅತ್ತೆಯ ಕೋವಿಗೆ ಹೊಸ ಮರ

ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಬೇಕಾದರೆ ಏಣಿ ಬೇಕು. ಏಣಿ ಪಕ್ಕದ ಮನೆಯಲ್ಲಿತ್ತು. ಪಕ್ಕದ ಮನೆಯಲ್ಲಿ ನಿವೃತ್ತ ಬ್ಯಾಂಡ್ ಮಾಸ್ತರರೂ ಇದ್ದರು. ಏಣಿ ಕೇಳಿದರೆ ಅದರ ಹಿಂದೆಯೇ ಅವರೂ ಬರುವುದು, ಬಂದವರು ಚಹಾ ಆಗುವವರೆಗೆ ಏಳದಿರುವುದು ಬೀದಿಗೆಲ್ಲ ತಿಳಿದ ವಿಷಯ. ಆದ್ದರಿಂದ ಗಂಟಣ್ಣ ಏಣಿಯ ಆಸೆ ಬಿಟ್ಟು, ಅತ್ತೆಯ ಕೋಣೆಯ ಮೂಲೆಯಲ್ಲಿ ನಿಂತಿದ್ದ ಬೇಟೆಯ ಕೋವಿಯನ್ನು ಎತ್ತಿಕೊಂಡ.

ಗಂಟಣ್ಣ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಗುಮಾಸ್ತ. ಅವನು ಕಟ್ಟಿದ ಗಂಟನ್ನು ಬಿಚ್ಚುವ ಗಂಡಸು ಇನ್ನೂ ಹುಟ್ಟಿಲ್ಲವೆಂದು ಕಚೇರಿಯವರೇ ಇಟ್ಟ ಹೆಸರು ಅದು. ಪಾಪದ ಮನುಷ್ಯ. ಜೋರಾಗಿ ಸೀನಿದರೂ ಸುತ್ತ ನೋಡಿ ಕ್ಷಮೆ ಕೇಳುವ ಜಾತಿ. ಅವನ ಅತ್ತೆಯಾದರೋ ಹರೆಯದಲ್ಲಿ ಕಾಡಂಚಿನ ಹೊಲದಲ್ಲಿ ಒಬ್ಬಳೇ ನಿಂತು ಹಂದಿಗಳನ್ನು ಓಡಿಸಿದ ಹೆಂಗಸು. ಆಳು ಗಿಡ್ಡ, ಕೋವಿಯೂ ಗಿಡ್ಡ. ಅದರ ನಳಿಗೆಯ ಕೆಳಗೆ ಬುಡದಿಂದ ಮೂತಿಯವರೆಗೂ ಒಂದೇ ತುಂಡಿನ ಮರ, ತಾಯಿಯ ತೋಳಿನಲ್ಲಿ ಮಲಗಿದ ಕೂಸಿನ ಹಾಗೆ ನಳಿಗೆ ಅದರಲ್ಲಿ ಮಲಗಿತ್ತು. ಈಗ ಗುಂಡಿಲ್ಲ, ಬೇಟೆಯಿಲ್ಲ. ಗುಂಡು ಹಾರಿಸಲು ಬೇಕಾದ ಬೋಲ್ಟನ್ನು ಅತ್ತೆ ತೆಗೆದು ತಮ್ಮ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದರು. ಆದರೂ ಭಾನುವಾರ ಬಂದರೆ ಕಿಟಕಿಯ ಬಳಿ ಕೂತು ಮರಕ್ಕೆ ಎಣ್ಣೆ ಉಜ್ಜುವುದು ತಪ್ಪುತ್ತಿರಲಿಲ್ಲ.

ಕೋವಿಯ ಮೂತಿ ಸೂಟ್‌ಕೇಸಿನ ಹಿಡಿಗೆ ಸರಿಯಾಗಿ ಸಿಕ್ಕಿತು. ಗಂಟಣ್ಣ ಎಳೆದ. ಸೂಟ್‌ಕೇಸು ಬಂತು, ಅವನು ಎಣಿಸಿದ್ದಕ್ಕಿಂತ ಬೇಗ ಬಂತು. ‘ಚಟ್’ ಎಂದಿತು. ನೋಡಿದರೆ ಮರ ನಡುವಿನಿಂದ ಮೂತಿಯವರೆಗೆ ಸೀಳಿತ್ತು.

“ಏನ್ರೀ ಅದು ಸದ್ದು?” ಅಡುಗೆಮನೆಯಿಂದ ಹೆಂಡತಿ ಕೂಗಿದಳು.

“ಬೆನ್ನು ಕಣೇ, ಬೆನ್ನು!” ಎಂದ ಗಂಟಣ್ಣ.

ತಮ್ಮ ತಂಗಿಯ ಮನೆಗೆ ಹೋಗಿದ್ದ ಅತ್ತೆ ಸಂಜೆಯ ಬಸ್ಸಿಗೆ ಬರುವವರಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಬಾಯಿಂದ ಒಂದು ‘ಭೇಷ್’ ಅನ್ನಿಸಿಕೊಳ್ಳಲು ಗಂಟಣ್ಣನಿಗೆ ಆಗಿರಲಿಲ್ಲ. ಕಿರಿಯ ಅಳಿಯ, ಅಂದರೆ ಇವನ ಷಡ್ಡಕ, ಬರೀ ಸ್ಕೂಟರ್ ನಿಲ್ಲಿಸಿದರೂ ಭೇಷ್ ಅನ್ನಿಸಿಕೊಳ್ಳುತ್ತಿದ್ದ. ಇನ್ನು ಈ ಸೀಳು ಕಂಡರೆ ಮುಗಿಯಿತು. ಗಂಟಣ್ಣ ಕಚೇರಿಗೆ ಫೋನು ಮಾಡಿ, ಅತ್ತೆಗೆ ಹುಷಾರಿಲ್ಲ, ಒಂದು ದಿನ ರಜೆ ಬೇಕೆಂದ. ಕೋವಿಯನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ, ಹಗ್ಗ ಬಿಗಿದು, ಹಿಂಬಾಗಿಲಿನಿಂದ ಹೊರಬಿದ್ದ.

ಹಿಂಬಾಗಿಲಲ್ಲೇ ಬ್ಯಾಂಡ್ ಮಾಸ್ತರರು ಹಲ್ಲುಜ್ಜುತ್ತ ನಿಂತಿದ್ದರು.

“ಏನ್ ಸ್ವಾಮಿ, ಕೊಳಲೋ?”

“ಅಲ್ಲ.”

“ಕೊಳಲು ಇಷ್ಟು ದಪ್ಪ ಇರಲ್ಲ ಬಿಡಿ. ಮತ್ತೆ ಕೊಡೆಯೋ? ಮುಚ್ಚಿಡೋದು ಯಾಕೆ, ನಾವೇನು ಹೊರಗಿನವರಾ?” ಎಂದು ಮಾಸ್ತರರು ಚಾದರವನ್ನು ಒತ್ತಿ ನೋಡಿಯೇಬಿಟ್ಟರು. “ಅಯ್ಯೋ, ಅಮ್ಮನ ಕೋವಿ!”

ಗಂಟಣ್ಣನ ನಾಲಿಗೆ ಅವನನ್ನು ಕೇಳದೆಯೇ ಓಡಿತು. “ಹೊಸ ಮರ ಹಾಕಿಸೋಕೆ ಒಯ್ತಿದೀನಿ ಮಾಸ್ತರೇ. ಅತ್ತೆಗೆ ಉಡುಗೊರೆ. ಗುಟ್ಟು, ಯಾರಿಗೂ ಹೇಳ್ಬೇಡಿ.”

“ನನ್ನ ಹೊಟ್ಟೆಗೆ ಹೋದದ್ದು ಮತ್ತೆ ಹೊರಗೆ ಬರುತ್ತಾ?” ಎಂದು ಮಾಸ್ತರರು ಬಾಯಿ ಮುಕ್ಕಳಿಸಿ, ನೇರವಾಗಿ ಗಂಟಣ್ಣನ ಮನೆಯ ಮುಂಬಾಗಿಲಿಗೆ ನಡೆದರು.

ಕೋವಿ ರಿಪೇರಿಯ ಅಂಗಡಿ ಪೇಟೆಯ ಹಳೆಯ ತುದಿಯಲ್ಲಿತ್ತು. ಒಳಗೆ ಕಾಲಿಟ್ಟ ಕೂಡಲೇ ಎಣ್ಣೆ, ಅರಗು, ಮರದ ಪುಡಿ ಎಲ್ಲ ಕಲೆತ ವಾಸನೆ ಮೂಗಿಗೆ ಬಂತು. ಗಂಟಣ್ಣ ಅಲ್ಲೇ ನಿಂತುಬಿಟ್ಟ. ಮದುವೆಗೆ ಮುಂಚೆ ಹೆಂಡತಿಯ ಮನೆಗೆ ಮೊದಲ ಸಲ ಹೋದ ದಿನ ಆ ಮನೆಯಲ್ಲಿ ಇದ್ದದ್ದು ಇದೇ ವಾಸನೆ. ಅತ್ತೆ ಕೋವಿಗೆ ಎಣ್ಣೆ ಉಜ್ಜುತ್ತ, ತಲೆ ಎತ್ತದೆ ಕೇಳಿದ್ದರು: “ಗುರಿ ಇಡೋಕೆ ಬರುತ್ತಾ?” ಇವನು ಬೆವರುತ್ತ, “ಸ್ಟಾಂಪು ನೇರವಾಗಿ ಹಚ್ಚೋಕೆ ಬರುತ್ತೆ” ಎಂದಿದ್ದ. ಮೂಲೆಯಲ್ಲಿ ಕೂತಿದ್ದ ಮಾವ ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಎದ್ದು ಬಂದು ಇವನ ಪಕ್ಕ ಕೂತಿದ್ದರು. ಮೆದು ಸ್ವಭಾವದ ಮನುಷ್ಯ. ಹೆಂಡತಿ ಕೋವಿ ಹಿಡಿದು ಮುಂದೆ ಹೋದರೆ ಬುತ್ತಿ ಹಿಡಿದು ಹಿಂದೆ ಹೋಗುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಗಂಟಣ್ಣನ ಮಾತಿಗೆ ನಗುವವರೇ ಇಲ್ಲವಾಗಿದ್ದರು.

“ಇದಕ್ಕೆ ಹೊಸ ಮರ ಅಂದ್ರೆ ಹುಡುಗಾಟ ಅಲ್ಲ ಸಾರ್,” ಎಂದ ಅಂಗಡಿಯವನು, ಸೀಳಿನ ಮೇಲೆ ಉಗುರು ಆಡಿಸುತ್ತ. “ಅರ್ಧ ಮರದ ಕೋವಿ ಆದ್ರೆ ಹೇಗೋ ನಡೆಯುತ್ತೆ. ಇದು ಮೂತಿವರೆಗೂ ಒಂದೇ ತುಂಡು. ಚೆನ್ನಾಗಿ ಒಣಗಿದ ಅಕ್ರೋಟು ಮರ ಬೇಕು. ಒಂದು ಕೂದಲೆಳೆ ಡೊಂಕಾದ್ರೂ ಗುರಿ ಪಕ್ಕದೂರಿಗೆ ಹೋಗುತ್ತೆ. ತಿಂಗಳು ಬಿಟ್ಟು ಬನ್ನಿ.”

“ಸಂಜೆಗೆ ಬೇಕು.”

“ಸಂಜೆಗೆ ಬೇಕಾದ್ರೆ ಸುತ್ತೋಕೆ ಒಂದು ಹೊಸ ಚಾದರ ತಗೊಳ್ಳಿ.”

ಗಂಟಣ್ಣನ ಮುಖ ನೀರಿಗೆ ಬಿದ್ದ ಲಕೋಟೆಯಂತಾಯಿತು. ಅದನ್ನು ನೋಡಲಾರದೆ ಅಂಗಡಿಯವನು ಸ್ಟೂಲು ಹತ್ತಿ, ಜಂತೆಯ ಸಂದಿಯಿಂದ ಧೂಳು ಹಿಡಿದ ಉದ್ದನೆಯ ಮರವೊಂದನ್ನು ಎಳೆದ. “ನಮ್ಮಪ್ಪನ ಕಾಲದ್ದು. ಒಂದು ಕಡೆ ಬಿರುಕು ಬಿಟ್ಟಿತ್ತು, ಅಪ್ಪ ಮೊಳೆ ಕೂರಿಸಿ ಗಟ್ಟಿ ಮಾಡಿಟ್ಟಿದ್ರು. ಹಿಡಿಸಿದ್ರೆ ಹಿಡಿಸ್ತು.”

ನಳಿಗೆ ಆ ಮರದೊಳಗೆ ಸದ್ದೇ ಇಲ್ಲದೆ ಇಳಿದು ಕೂತಿತು. ಅಂಗಡಿಯವನೇ ಬೆರಗಾದ. “ಅಳತೆ ತಗೊಂಡು ಮಾಡಿದ ಹಾಗಿದೆಯಲ್ಲ!”

ಅಂದು ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಉಜ್ಜಿದರು. ಧೂಳು ಹೋಗಿ, ಎಣ್ಣೆ ಇಳಿದು, ಮರದ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಪಾರ್ಸೆಲ್ ಕಟ್ಟಿ ಒರಟಾದ ತನ್ನ ಅಂಗೈ ಇಷ್ಟು ಚಂದದ ಕೆಲಸ ಮಾಡಿದ್ದನ್ನು ಗಂಟಣ್ಣ ಈ ಜನ್ಮದಲ್ಲಿ ಕಂಡಿರಲಿಲ್ಲ.

“ಈ ಸೀಳಿದ್ದನ್ನ ಏನ್ ಮಾಡ್ಲಿ?”

“ಒಲೆಗೆ ಹಾಕಿ,” ಎಂದ ಗಂಟಣ್ಣ. “ಯಾರ ಕಣ್ಣಿಗೂ ಬೀಳಬಾರದು.”

ಅವನು ಮನೆ ಮುಟ್ಟಿದಾಗ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಸ್ತರರ ಹೊಟ್ಟೆಯಲ್ಲಿದ್ದ ಗುಟ್ಟು ಬೀದಿಯನ್ನೆಲ್ಲ ಕರೆತಂದಿತ್ತು. ಹೆಂಡತಿಯ ಕಣ್ಣು ಒದ್ದೆಯಾಗಿತ್ತು. “ನಮ್ಮಮ್ಮನಿಗೆ ಅಂತ ಇಷ್ಟೆಲ್ಲ ಯೋಚನೆ ಮಾಡಿದೀರಿ, ನನಗೂ ಹೇಳ್ಲಿಲ್ಲವಲ್ಲ! ನನ್ನ ತಂಗಿಗೆ ಫೋನ್ ಮಾಡಿ ಹೇಳ್ದೆ. ನಿಮ್ಮ ಷಡ್ಡಕರೂ ಆಗಲೇ ಕೋವಿ ಅಂಗಡಿಗೆ ಹೊರಟ್ರಂತೆ, ತಮ್ಮ ಕಡೆಯಿಂದ ಒಂದು ಚರ್ಮದ ಪಟ್ಟಿ ಕೊಡಿಸ್ತೀನಿ ಅಂತ.”

ಗಂಟಣ್ಣ ಉಗುಳು ನುಂಗುವಷ್ಟರಲ್ಲಿ ಪೋಸ್ಟ್‌ಮಾಸ್ಟರು ಬುಟ್ಟಿ ತುಂಬ ಹಣ್ಣು ಹಿಡಿದು, ಕಚೇರಿಯ ನಾಲ್ಕಾರು ಜನರೊಂದಿಗೆ ಬೆಕ್ಕಿನ ಹೆಜ್ಜೆಯಲ್ಲಿ ಒಳಬಂದರು. “ಹೇಗಿದಾರೆ ಈಗ? ಮಾತಾಡ್ತಾರಾ?”

“ಯಾರು?” ಎಂದಳು ಹೆಂಡತಿ.

ಅಷ್ಟರಲ್ಲಿ ಟ್ರಂಕನ್ನು ತಾವೇ ಹೊತ್ತು ಅತ್ತೆ ಬಾಗಿಲಲ್ಲಿ ನಿಂತಿದ್ದರು. ಪೋಸ್ಟ್‌ಮಾಸ್ಟರು ಓಡಿಹೋಗಿ ಅವರ ಮೊಣಕೈ ಹಿಡಿದರು. “ಮೆಲ್ಲಗೆ ಅಮ್ಮ, ಮೆಲ್ಲಗೆ. ಈ ಸ್ಥಿತಿಯಲ್ಲಿ ಎದ್ದು ಓಡಾಡಬಾರದು.”

“ಯಾವ ಸ್ಥಿತಿ? ಕೈ ಬಿಡಿ,” ಎಂದರು ಅತ್ತೆ. ಪೋಸ್ಟ್‌ಮಾಸ್ಟರು ಒಮ್ಮೆ ಗಂಟಣ್ಣನನ್ನು ನೋಡಿ, ಹಣ್ಣಿನ ಬುಟ್ಟಿಯನ್ನು ಮೆಲ್ಲಗೆ ತಮ್ಮ ಕಡೆಗೇ ಸರಿಸಿಕೊಂಡರು.

ಮಾತು ಬೇರೆಡೆಗೆ ತಿರುಗಲೆಂದು ಗಂಟಣ್ಣ ಕೋವಿಯನ್ನು ಅತ್ತೆಯ ಕೈಗಿಟ್ಟ. “ಅತ್ತೆ, ಹೊಸ ಮರ. ನಮ್ಮೆಲ್ಲರ ಕಡೆಯಿಂದ ಉಡುಗೊರೆ.” ಎಲ್ಲರೂ ಚಪ್ಪಾಳೆ ತಟ್ಟಿದರು.

ಅತ್ತೆ ಕನ್ನಡಕ ಹಾಕಿಕೊಂಡರು. ಮರದ ಮೇಲೆ ಹೆಬ್ಬೆರಳು ಓಡಿಸುತ್ತ ಮೂತಿಯ ಹತ್ತಿರ ನಿಂತರು. ಅಲ್ಲಿ ತುಂಬಿದ್ದ ಮೇಣವನ್ನು ಉಗುರಿನಿಂದ ಕೆರೆದರು. ಸಣ್ಣ ಸಣ್ಣ ಗುಳಿಗಳು ಕಂಡವು.

“ನಮ್ಮ ನಾಯಿ ಕರಿಯನ ಹಲ್ಲು,” ಎಂದರು ಅತ್ತೆ. ಅವರ ದನಿ ಯಾರೂ ಎಂದೂ ಕೇಳಿರದಷ್ಟು ಮೆತ್ತಗಾಗಿತ್ತು. “ಮರಿ ಇದ್ದಾಗ ಕಚ್ಚಿದ್ದ. ಅಪ್ಪ ಹೊಡೆಯೋಕೆ ಹೋದಾಗ ನಾನೇ ಅಡ್ಡ ನಿಂತಿದ್ದೆ. ಆಮೇಲೆ ಹೊಲದ ಬದುವಿನಲ್ಲಿ ರಾತ್ರಿಯೆಲ್ಲ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗ್ತಿದ್ದ. ಇದು ನಮ್ಮಪ್ಪ ನನಗೆ ಅಂತ ಮಾಡಿಸಿದ ಮೊದಲಿನ ಮರ.”

ಅವರು ಕೋವಿಯನ್ನು ಕೆನ್ನೆಗೆ ಒತ್ತಿಕೊಂಡರು. ಕೊನೆಗೂ ಗೆದ್ದೆ ಅನ್ನಿಸಿತು ಗಂಟಣ್ಣನಿಗೆ.

“ಮದುವೆ ಆದ ಹೊಸದರಲ್ಲಿ,” ಅತ್ತೆ ಕಣ್ಣು ಒರೆಸಿಕೊಂಡರು, “ನಿಮ್ಮ ಮಾವ ಒಂದು ದಿನ ಹೀಗೇ ಕೋವಿ ತಂದು ಕೈಗಿಟ್ರು. ಹೊಸ ಮರ, ನಿನಗೆ ಉಡುಗೊರೆ ಅಂದ್ರು. ಬಟ್ಟೆ ಒಣಗಿಸೋ ಹಗ್ಗಕ್ಕೆ ಆಸರೆ ಕೊಡೋಕೆ ಹೋಗಿ ಹಳೇದನ್ನ ಸೀಳಿಬಿಟ್ಟಿದ್ರು. ಸೀಳಿದ್ದನ್ನ ತಮ್ಮಲ್ಲೇ ಇಟ್ಕೊಂಡ ಅಂಗಡಿಯವರೇ ನನಗೆ ಹೇಳಿದ್ರು. ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದಾರಲ್ಲ ಅಂತ ನಲವತ್ತು ವರ್ಷ ಗೊತ್ತಿಲ್ಲದ ಹಾಗೇ ಇದ್ದೆ.” ಅವರು ಕನ್ನಡಕದ ಮೇಲಿಂದ ಗಂಟಣ್ಣನನ್ನು ನೋಡಿದರು. “ನಿಮ್ಮ ವಿಷಯದಲ್ಲಿ ಅಷ್ಟು ವರ್ಷ ಕಾಯೋಕೆ ನನಗೆ ವಯಸ್ಸಿಲ್ಲ ಅಳಿಯಂದ್ರೇ. ಹೇಳಿ, ಹೇಗೆ ಮುರಿದ್ರಿ?”

ಬೀದಿಯ ಮುಂದೆ, ಕಚೇರಿಯ ಮುಂದೆ ಗಂಟಣ್ಣ ಎಲ್ಲವನ್ನೂ ಒಪ್ಪಿಕೊಂಡ. ಹೆಂಡತಿಯ ಒದ್ದೆ ಕಣ್ಣು ಒಂದೇ ಗಳಿಗೆಯಲ್ಲಿ ಒಣಗಿತು. ಮಾಸ್ತರರು, “ನನ್ನನ್ನ ಏಣಿ ಕೇಳಬಹುದಿತ್ತಲ್ಲ” ಎಂದು ನೊಂದುಕೊಂಡರು. ಆದರೆ ಅತ್ತೆ ನಕ್ಕರು, ಮಾವ ನಗುತ್ತಿದ್ದ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹೋಗ್ಲಿ ಬಿಡಿ. ನಿಮ್ಮ ಮಾವ ಕೊಟ್ಟ ಮರ ಎಲ್ಲಿ? ಅದನ್ನ ಕೊಡಿ.”

“ಅದು... ಒಲೆಗೆ ಹಾಕಿ ಅಂದುಬಿಟ್ಟೆ ಅತ್ತೆ.”

ಅತ್ತೆಯ ನಗು ನಿಂತಿತು. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು ಕಿಟಕಿಯ ಕಡೆ ಮುಖ ತಿರುಗಿಸಿದರು. ಬೈದಿದ್ದರೇ ಚೆನ್ನಾಗಿತ್ತು ಎಂದುಕೊಂಡ ಗಂಟಣ್ಣ. ಆ ಕ್ಷಣ ಅವನಿಗೆ ಭೇಷ್ ಬೇಡವಾಗಿತ್ತು, ಆ ಮರವೊಂದು ಸಿಕ್ಕಿದ್ದರೆ ಸಾಕಾಗಿತ್ತು.

ಹೊರಗೆ ಸ್ಕೂಟರ್ ನಿಂತಿತು. ಷಡ್ಡಕ ಚರ್ಮದ ಪಟ್ಟಿಯನ್ನು ಹೆಗಲಿಗೆ ಹಾಕಿ, ಕಂಕುಳಲ್ಲಿ ಸೀಳಿದ ಮರ ಇರುಕಿಕೊಂಡು ಒಳಬಂದ. ಪುಕ್ಕಟೆ ಸಿಕ್ಕಿದ್ದಲ್ಲವೇ, ನಾಲ್ಕು ಗೂಟ ಹೊಡೆಸಿ ಕೋಟು ತೂಗುಹಾಕುವ ಸ್ಟ್ಯಾಂಡು ಮಾಡಿಸೋಣವೆಂದು ಒಲೆಗೆ ಬೀಳುವ ಮುಂಚೆಯೇ ಅಂಗಡಿಯವನನ್ನು ಕೇಳಿ ತಂದಿದ್ದನಂತೆ. ಅದು ಆಮೇಲೆ ತಿಳಿದದ್ದು. ಅತ್ತೆ ಮರವನ್ನು ಕಂಡವರೇ ಎದ್ದು ನಿಂತ ರೀತಿ, ಎಲ್ಲರ ಮುಖ, ಇಷ್ಟನ್ನು ಆ ಮನುಷ್ಯ ಹೊಸ್ತಿಲ ಮೇಲೆ ನಿಂತೇ ಓದಿಕೊಂಡ.

“ಮಾವನ ಕಾಲದ್ದು ಅತ್ತೆ,” ಎಂದು ಎರಡೂ ಕೈಯಲ್ಲಿ ಒಪ್ಪಿಸಿದ. “ಅಣ್ಣ ಸುಡೋಕೆ ಹೇಳಿದ್ರಂತೆ. ನನಗೆ ಮನಸ್ಸು ತಡೀಲಿಲ್ಲ.”

“ಭೇಷ್ ಅಳಿಯಂದ್ರೇ, ಭೇಷ್!” ಎಂದರು ಅತ್ತೆ.

ಪೋಸ್ಟ್‌ಮಾಸ್ಟರು ಬುಟ್ಟಿಯಿಂದ ಒಂದು ಒಳ್ಳೆಯ ಹಣ್ಣು ಆರಿಸಿ ಷಡ್ಡಕನಿಗೆ ಕೊಟ್ಟರು. ಅತ್ತೆ ಮರದ ಸೀಳನ್ನು ಗಾಯ ಸವರುವಂತೆ ಸವರಿ, ಗಂಟಣ್ಣನ ಕಡೆ ತಿರುಗಿದರು. “ಬೆಳಿಗ್ಗೆ ಎರಡನ್ನೂ ಅಂಗಡಿಗೆ ಒಯ್ದು, ಇದರ ಸೀಳು ಕೂಡಿಸಿ, ಇದನ್ನೇ ಮತ್ತೆ ಹಾಕಿಸ್ಕೊಂಡು ಬನ್ನಿ. ಅಪ್ಪ ಕೊಟ್ಟಿದ್ದು ನನ್ನ ತಲೆದಿಂಬಿನ ಹತ್ತಿರ ಇರಲಿ. ಕೋವಿಗೆ ನಿಮ್ಮ ಮಾವನದೇ ಇರಲಿ.”

“ಬೆಳಿಗ್ಗೆ ಕಚೇರಿ ಇದೆ ಅತ್ತೆ,” ಎಂದ ಗಂಟಣ್ಣ ಸಣ್ಣ ದನಿಯಲ್ಲಿ, ಪೋಸ್ಟ್‌ಮಾಸ್ಟರ ಕಡೆ ನೋಡುತ್ತ. “ರಜೆ...”

“ರಜೆನಾ?” ಪೋಸ್ಟ್‌ಮಾಸ್ಟರು ಕೈ ಕಟ್ಟಿಕೊಂಡರು. “ನಾಳೆ ಯಾರಿಗೆ ಹುಷಾರಿಲ್ಲ?”

“ಇವರಿಗೇ ಸ್ವಾಮಿ,” ಎಂದರು ಅತ್ತೆ. “ಮುಖ ನೋಡಿದ್ರೆ ಗೊತ್ತಾಗಲ್ವಾ?”