ಗಲಿಸಿಯಾಕ್ಕೆ ಹೋಗದ ಗೈಡು

ನಮ್ಮ ಚಿಕ್ಕಪ್ಪನಷ್ಟು ಗಲಿಸಿಯಾ ಬಲ್ಲವರು ಗಲಿಸಿಯಾದಲ್ಲೂ ಇರಲಿಕ್ಕಿಲ್ಲ. ಸ್ಪೇನಿನ ವಾಯವ್ಯ ಮೂಲೆಯ ಆ ಹಸಿರು ಸೀಮೆಯಲ್ಲಿ ಸಮುದ್ರ ಎಲ್ಲೆಲ್ಲಿ ಬೆರಳು ಚಾಚಿ ನೆಲದೊಳಗೆ ನುಗ್ಗಿದೆ, ಯಾವ ಹಳ್ಳಿಯಲ್ಲಿ ಕಲ್ಲಿನ ಕಣಜಗಳು ಇಲಿ ಹತ್ತದ ಹಾಗೆ ಕಂಬದ ಮೇಲೆ ನಿಂತಿವೆ, ಎಲ್ಲಾ ಬಾಯಿಪಾಠ. ಸಣ್ಣ ಕೊರತೆ ಒಂದೇ. ಅವರು ಅಲ್ಲಿಗೆ ಹೋಗಿಲ್ಲ.

ಪ್ರಯತ್ನ ಪಟ್ಟಿಲ್ಲ ಅನ್ನುವಂತಿಲ್ಲ. ಪ್ರತಿ ಚಳಿಗಾಲ ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ಗೈದರ್ಸ್‌ಬರ್ಗಿನ ಮನೆಯಲ್ಲಿ ಕೂತು ಮೇ ತಿಂಗಳಿಗೆ ಟಿಕೆಟ್ ಬುಕ್ ಮಾಡುತ್ತಾರೆ, ಏಪ್ರಿಲ್‌ನಲ್ಲಿ ಕ್ಯಾನ್ಸಲ್ ಮಾಡುತ್ತಾರೆ. ಮೊದಲು ವೀಸಾ ಕಾರಣ ಇತ್ತು. ದೇಶದಿಂದ ಹೊರಗೆ ಕಾಲಿಟ್ಟರೆ ವಾಪಸ್ ಬರಲು ಪಾಸ್‌ಪೋರ್ಟಿಗೆ ಹೊಸದಾಗಿ ವೀಸಾ ಸ್ಟ್ಯಾಂಪಿಂಗ್ ಬೇಕು. ಅದು ಸಿಗದಿದ್ದರೆ ಕೆಲಸ, ಮನೆ, ಮಗಳ ಸ್ಕೂಲು ಎಲ್ಲಾ ಇಲ್ಲಿ, ಇವರು ಮಾತ್ರ ಅಲ್ಲಿ. ಒಪ್ಪಿದೆ. ಆದರೆ ಕಳೆದ ವರ್ಷ ಮನೆಮಂದಿಗೆಲ್ಲ ಗ್ರೀನ್ ಕಾರ್ಡ್ ಬಂತು. ಈ ಮೇಗೂ ಟಿಕೆಟ್ ಆಗಿದೆ. ಏಪ್ರಿಲ್ ಬಂದಿದೆ. ಚಿಕ್ಕಪ್ಪ ಮತ್ತೆ ಉಗುರು ಕಚ್ಚುತ್ತಿದ್ದಾರೆ. ಈ ಸಲವಾದರೂ ಹೋಗುತ್ತಾರಾ?

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಗೆದ್ದು ಕೆಟ್ಟುಹೋದವಳು ನಾನು. ಎದುರಿನವರ ವಾದದಲ್ಲಿ ತೂತು ಕಂಡರೆ ಬೆರಳು ಹಾಕದೆ ಇರಲಾರೆ. ಆದ್ದರಿಂದ ಮೇರಿಲ್ಯಾಂಡಿನದೇ ಕೊಲಂಬಿಯಾ ಊರಿನಿಂದ ಡ್ರೈವ್ ಮಾಡಿಕೊಂಡು, ಚಿಕ್ಕಪ್ಪನ ಭಾನುವಾರದ 'ರಿಹರ್ಸಲ್'ಗೆ ಹಾಜರಾದೆ.

ರಿಹರ್ಸಲ್ ಅಂದರೆ, ಗಲಿಸಿಯಾಕ್ಕೆ ಹೊರಟ ಕನ್ನಡಿಗರನ್ನೆಲ್ಲ ಚಿಕ್ಕಪ್ಪ ಮೊದಲು ತಮ್ಮ ಮನೆಯಲ್ಲೇ ಗಲಿಸಿಯಾಕ್ಕೆ ಕರೆದೊಯ್ಯುವುದು. ಹಿಂದಿನ ತಂಡವನ್ನು ಸುರಿಯುವ ಮಳೆಯಲ್ಲಿ, ಬೆನ್ನಿಗೆ ಬ್ಯಾಗ್ ಹೇರಿ ಕೆರೆ ಸುತ್ತಿಸಿದ್ದರು. "ಅಲ್ಲಿ ಮಳೆ ಇಲ್ಲದ ದಿನ ಅಂದ್ರೆ ಮಳೆಗೆ ಮುಂಚಿನ ದಿನ" ಎಂಬುದು ಅವರ ಸಮಜಾಯಿಷಿ. ಈ ಸಲ ಪಕ್ಕದೂರು ಕ್ಲಾರ್ಕ್ಸ್‌ಬರ್ಗಿನ ಅಂಕಲ್ ಆಂಟಿ ಬಂದಿದ್ದರು. ಎರಡೂವರೆ ದಾಟಿದರೂ ಎಲೆ ಹಾಕುವ ಲಕ್ಷಣವಿಲ್ಲ.

"ಊಟ ಎಷ್ಟೊತ್ತಿಗೆ ಸಾರ್?" ಅಂಕಲ್ ಮೆಲ್ಲಗೆ ಕೇಳಿದರು.

"ಮೂರಕ್ಕೆ. ಅಲ್ಲಿ ಅದೇ ಟೈಮು."

"ನಮ್ಮಲ್ಲಿ ಮೂರಕ್ಕೆ ಊಟ ಹಾಕೋದು ತಿಥಿ ದಿನ," ಅಂದರು ಆಂಟಿ.

ಕೊನೆಗೂ ಗಲಿಸಿಯಾದ ಹೆಸರಾಂತ ಸಾರು ಬಂತು. ಸೊಪ್ಪು, ಆಲೂಗಡ್ಡೆ, ಬಿಳಿ ಕಾಳು. ಅವರು ಹಂದಿಕೊಬ್ಬು ಹಾಕುವಲ್ಲಿ ಚಿಕ್ಕಪ್ಪ ತುಪ್ಪ ಹಾಕಿದ್ದರು.

"ಇದು ಹುಳಿ ಹಾಕೋದು ಮರೆತ ಸೊಪ್ಪಿನ ಹುಳಿ ರೀ," ಅಂದರು ಚಿಕ್ಕಮ್ಮ.

ಆಮೇಲೆ ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ಪುಟ್ಟ ಹಸಿರು ಮೆಣಸಿನಕಾಯಿ. ಪಾದ್ರೋನ್ ಊರಿನ ತಳಿ, ಹಿತ್ತಲಿನ ಮರದ ಡೆಕ್ ಮೇಲಿನ ಕುಂಡದಲ್ಲಿ ಬೆಳೆಸಿ ಫ್ರೀಜರಿನಲ್ಲಿಟ್ಟದ್ದು. "ಬಹುಪಾಲು ಸಪ್ಪೆ. ಯಾವುದೋ ಒಂದು ಖಾರ. ತಿನ್ನೋವರೆಗೂ ಗೊತ್ತಾಗಲ್ಲ." ಅಂಕಲ್ ಒಂದನ್ನು ಕಚ್ಚಿದರು. ಕಣ್ಣಲ್ಲಿ ನೀರು ಬಂತು. ಎರಡನೆಯದು ಕಚ್ಚಿದರು. ಮತ್ತೆ ನೀರು. ಮೇರಿಲ್ಯಾಂಡಿನ ಬಿಸಿಲಿಗೆ ಗಲಿಸಿಯಾದ ನಿಯಮ ಗೊತ್ತಿರಲಿಲ್ಲ.

ಇಷ್ಟು ಸಾಲದೇ? ನಾನು ಶುರುಮಾಡಿದೆ.

"ಚಿಕ್ಕಪ್ಪ, ಹೋಗದೇ ಇರೋ ಊರಿಗೆ ನೀವು ಗೈಡ್ ಹೇಗೆ?"

"ಬಂದ್ಲಪ್ಪ ಲಾಯರಮ್ಮ."

"ವೀಸಾ ನೆಪ ಮುಗೀತು. ಈಗ ಏನು ಭಯ?"

"ವಾಪಸ್ ಬರುವಾಗ ಏರ್‌ಪೋರ್ಟಲ್ಲಿ ಏನಾದ್ರೂ ಕೇಳಿದ್ರೆ? ಕಾಲ ಸರಿ ಇಲ್ಲ ಕಣೆ."

"ಕೇಳಿದ್ರೆ ಉತ್ತರ ಹೇಳಿ. ಎಲ್ಲ ಸರಿಯಾಗಿದ್ದೂ ಹೆದರೋದಕ್ಕೆ ಕನ್ನಡದಲ್ಲಿ ಪುಕ್ಕಲುತನ ಅಂತಾರೆ."

"ಹೌದಮ್ಮ, ನಾನು ಪುಕ್ಕಲ," ಅಂದು ನಕ್ಕುಬಿಟ್ಟರು. ಎದುರಾಳಿ ಇಷ್ಟು ಸುಲಭವಾಗಿ ಸೋತರೆ ಅನುಮಾನ ಬರಬೇಕು. ನನಗೆ ಬರಲಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ತಟ್ಟೆಗಳನ್ನು ಅಡುಗೆಮನೆಗೆ ಒಯ್ದೆ.

ಚಿಕ್ಕಮ್ಮ ಸಿಂಕಿನ ಕಡೆ ಮುಖ ಮಾಡಿಕೊಂಡೇ ಹೇಳಿದರು: "ಅವರಿಗೆ ಹಾಗನ್ನಬೇಡ ಪುಟ್ಟಿ. ಪ್ರತಿ ಸಲ ಕ್ಯಾನ್ಸಲ್ ಮಾಡ್ಸೋದು ನಾನು."

ಎರಡು ಸಾವಿರದ ಇಪ್ಪತ್ತರಲ್ಲಿ ತಮ್ಮನ ಮದುವೆಗೆಂದು ಒಬ್ಬರೇ ಮೈಸೂರಿಗೆ ಹೋದ ಚಿಕ್ಕಮ್ಮ, ಕೊರೊನಾದಿಂದ ಸ್ಟ್ಯಾಂಪಿಂಗ್ ಆಫೀಸು ಮುಚ್ಚಿ, ವಿಮಾನ ನಿಂತು, ಹತ್ತಿರಹತ್ತಿರ ವರ್ಷ ಅಲ್ಲೇ ಸಿಕ್ಕಿಕೊಂಡದ್ದು ನನಗೂ ಗೊತ್ತಿತ್ತು. ಮುಗಿದ ಕಥೆ ಅಂದುಕೊಂಡಿದ್ದೆ.

"ಮಗಳು ವಿಡಿಯೋ ಕಾಲಲ್ಲಿ ಹಲ್ಲು ಬಿದ್ದಿದ್ದು ತೋರಿಸಿದ್ಳು. ನಾನು ಬರೋಷ್ಟರಲ್ಲಿ ಹೊಸ ಹಲ್ಲು ಬಂದಿತ್ತು. ಈಗ್ಲೂ ಸೂಟ್‌ಕೇಸ್ ಇಳಿಸಿದ್ರೂ ತುಂಬ್ದೆ ಮತ್ತೆ ಮೇಲಿಟ್ಬಿಡ್ತೀನಿ ಕಣೆ. ಜನ ಕೇಳಿದ್ರೆ, ಭಯ ತಮಗೇ ಅಂತ ಅವರೇ ಹೇಳ್ಕೋತಾರೆ. ಈ ಸಾರು, ಮೆಣಸಿನಕಾಯಿ ಎಲ್ಲ... ಹೋಗಕ್ಕಾಗಲ್ವಲ್ಲ, ಇಲ್ಲಿಗೇ ತರ್ತೀನಿ ಅಂತ ಅವರು ಶುರುಮಾಡಿದ್ದು."

ಕೈಯಲ್ಲಿದ್ದ ತಟ್ಟೆಗಳನ್ನು ಸಿಂಕಿನ ಪಕ್ಕ ಇಟ್ಟೆ. ಕೊನೆಗೆ ಕೇಳಿದೆ: "ಈ ಸಲ ಮೂರೂ ಜನ ಒಟ್ಟಿಗೆ ತಾನೇ ಹೋಗೋದು?"

"ಹ್ಞೂಂ."

"ಹಾಗಿದ್ರೆ ಸಿಕ್ಕಿಹಾಕ್ಕೊಂಡ್ರೂ ಮೂರೂ ಜನ ಒಟ್ಟಿಗೇ ಸಿಕ್ಕಿಹಾಕ್ಕೋತೀರಿ. ಚಿಕ್ಕಪ್ಪಂಗೆ ಅಲ್ಲಿ ಎಲ್ಲ ದಾರಿನೂ ಗೊತ್ತು."

ಚಿಕ್ಕಮ್ಮನಿಗೆ ನಗು ಬಂತು. ಮೂಗು ಒರೆಸಿಕೊಂಡು, ಒದ್ದೆ ಕೈಯಲ್ಲೇ ಹೊರಗೆ ಹೋದರು. ಚಿಕ್ಕಪ್ಪ ಡೆಕ್ ಮೇಲೆ ಅಂಕಲ್‌ಗೆ ಗಲಿಸಿಯಾದ ಬೀದಿಗಳಲ್ಲಿ ಊದುವ ಚರ್ಮದ ಚೀಲದ ವಾದ್ಯವನ್ನು, ಕೆನ್ನೆ ಉಬ್ಬಿಸಿ, ಅಭಿನಯಿಸಿ ತೋರಿಸುತ್ತಿದ್ದರು.

"ರೀ, ಮೇನಲ್ಲಿ ಅಲ್ಲಿ ಸ್ವೆಟರ್ ಬೇಕಾಗುತ್ತಾ?"

ಚಿಕ್ಕಪ್ಪನ ಕೆನ್ನೆ ಇಳಿಯಿತು. ಗಲಿಸಿಯಾದ ಬಗ್ಗೆ ಯಾರು ಏನು ಕೇಳಿದರೂ ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುವ ಮನುಷ್ಯ, ಹೆಂಡತಿಯ ಮುಖವನ್ನೇ ನೋಡುತ್ತಾ ನಿಂತರು.

"ಬೇಕು," ಅಂದರು ಆಮೇಲೆ. "ಒಂದು ತೆಳ್ಳಂದು ಇಟ್ಕೋ."